ಡಬಲ್ಸ್ ಎಂದರೆ ಅರ್ಧ ಆಟವೇ? ಸಾನಿಯಾ ಮಿರ್ಜಾ ಬಗ್ಗೆ ಬರುವ ಫಾರ್ವರ್ಡ್‌ಗಳ ಲೆಕ್ಕ ಬಿಡಿಸಿ ನೋಡೋಣ

ಸಾನಿಯಾ ಮಿರ್ಜಾ ಹೆಸರು ಸುದ್ದಿಗೆ ಬಂದಾಗಲೆಲ್ಲ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಮೊದಲನೆಯದು ಹೊಗಳಿಕೆಯದು: ‘ಟೆನಿಸ್‌ನಲ್ಲಿ ವಿಶ್ವದ ನಂಬರ್ 1 ಪಟ್ಟಕ್ಕೇರಿದ ಮೊದಲ ಭಾರತೀಯರು, ಆರು ಗ್ರ್ಯಾಂಡ್‌ಸ್ಲಾಮ್ ಗೆದ್ದವರು’. ಎರಡನೆಯದು ತೆಗಳಿಕೆಯದು: ‘ಅದೆಲ್ಲ ಡಬಲ್ಸ್ ತಾನೆ? ಸಿಂಗಲ್ಸ್‌ನಲ್ಲಿ ಆಗದವರು ಹೋಗಿ ಸೇರುವ ಜಾಗ ಅದು. ಇಬ್ಬರು ಸೇರಿ ಗೆದ್ದರೆ ಒಬ್ಬರಿಗೆ ಸಿಗುವುದು ಅರ್ಧ ಗೆಲುವು’.

ಎರಡೂ ಸಂದೇಶಗಳಲ್ಲಿ ಒಂದಿಷ್ಟು ನಿಜ ಇದೆ, ಒಂದಿಷ್ಟು ತಪ್ಪೂ ಇದೆ. ಇದು ಒಬ್ಬ ಆಟಗಾರ್ತಿಯ ಅಭಿಮಾನಿಗಳ ಜಗಳವಾಗಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಟೆನಿಸ್ ರ‍್ಯಾಕೆಟ್ ಹಿಡಿದ ಹುಡುಗಿಯೊಬ್ಬಳು ‘ನಾನು ಡಬಲ್ಸ್ ಆಡುತ್ತೇನೆ’ ಎಂದರೆ ‘ಯಾಕೆ, ಸಿಂಗಲ್ಸ್ ಆಗಲಿಲ್ಲವಾ?’ ಎಂದು ಕೇಳುವವರು ನಾವೇ. ಆ ಪ್ರಶ್ನೆಯ ಹಿಂದಿರುವ ನಂಬಿಕೆ ಸರಿಯೇ? ಸಾನಿಯಾ ಅವರ ವೃತ್ತಿಜೀವನವನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲು ಪ್ರಶಸ್ತಿಗಳ ಲೆಕ್ಕ

ಸಾನಿಯಾ ಗೆದ್ದ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳು ಆರು ಎನ್ನುವುದು ನಿಜ. ಆದರೆ ಅವೆಲ್ಲ ಒಂದೇ ವಿಭಾಗದವಲ್ಲ.

ಮಹಿಳಾ ಡಬಲ್ಸ್‌ನಲ್ಲಿ ಮೂರು: 2015ರ ವಿಂಬಲ್ಡನ್, 2015ರ ಅಮೆರಿಕ ಓಪನ್ ಮತ್ತು 2016ರ ಆಸ್ಟ್ರೇಲಿಯಾ ಓಪನ್. ಮೂರರಲ್ಲೂ ಜೊತೆಗಿದ್ದವರು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್.

ಮಿಶ್ರ ಡಬಲ್ಸ್‌ನಲ್ಲಿ ಮೂರು: 2009ರ ಆಸ್ಟ್ರೇಲಿಯಾ ಓಪನ್ ಮತ್ತು 2012ರ ಫ್ರೆಂಚ್ ಓಪನ್ ಮಹೇಶ್ ಭೂಪತಿ ಜೊತೆ, 2014ರ ಅಮೆರಿಕ ಓಪನ್ ಬ್ರೆಜಿಲ್‌ನ ಬ್ರೂನೊ ಸೋರೆಸ್ ಜೊತೆ.

ಇನ್ನು ‘ನಂಬರ್ 1 ಆದ ಮೊದಲ ಭಾರತೀಯರು’ ಎಂಬ ಮಾತು. ಸಾನಿಯಾ 2015ರ ಏಪ್ರಿಲ್ 13ರಂದು ಮಹಿಳಾ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದರು. ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು. ಆದರೆ ಪುರುಷರ ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ 1999ರಲ್ಲೇ ನಂಬರ್ 1 ಆಗಿದ್ದರು. ಹಾಗಾಗಿ ‘ಮೊದಲ ಭಾರತೀಯ ಮಹಿಳೆ’ ಎಂದರೆ ಸರಿ, ‘ಮೊದಲ ಭಾರತೀಯರು’ ಎಂದರೆ ತಪ್ಪು. ‘ಟೆನಿಸ್‌ನಲ್ಲಿ ನಂಬರ್ 1’ ಎಂದು ಬರೆದು ಡಬಲ್ಸ್ ಎಂಬ ಪದವನ್ನು ನುಂಗಿಬಿಡುವುದೂ ಸರಿಯಲ್ಲ. ಹೊಗಳುವ ಭರದಲ್ಲಿ ಆ ಪದವನ್ನು ಮುಚ್ಚಿಟ್ಟರೆ, ಅದು ನಾಚಿಕೆಪಡುವ ವಿಷಯ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ.

ಸಿಂಗಲ್ಸ್‌ನಲ್ಲಿ ಸೋತು ಡಬಲ್ಸ್‌ಗೆ ಬಂದವರೇ?

1986ರಲ್ಲಿ ಮುಂಬೈಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ಸಾನಿಯಾ ವಿಂಬಲ್ಡನ್‌ನಲ್ಲಿ ಮೊದಲು ಟ್ರೋಫಿ ಎತ್ತಿದ್ದು 2003ರಲ್ಲಿ, ಬಾಲಕಿಯರ ಡಬಲ್ಸ್‌ನಲ್ಲಿ. ಆಗ ಅವರಿಗೆ 16 ವರ್ಷ. ವೃತ್ತಿಪರ ಮಹಿಳಾ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎ ಟೂರಿನಲ್ಲಿ ಗೆದ್ದ ಮೊದಲ ಪ್ರಶಸ್ತಿಯೂ ಡಬಲ್ಸ್‌ನದೇ: 2004ರಲ್ಲಿ ಹೈದರಾಬಾದಿನಲ್ಲಿ, ಲೀಜೆಲ್ ಹ್ಯೂಬರ್ ಜೊತೆ. ಅಂದರೆ ಡಬಲ್ಸ್ ಅವರ ಆಟದಲ್ಲಿ ಮೊದಲ ದಿನದಿಂದಲೂ ಇತ್ತು. ಸಿಂಗಲ್ಸ್ ಬಾಗಿಲು ಮುಚ್ಚಿದ ಮೇಲೆ ತೆರೆದ ಬಾಗಿಲು ಅದಲ್ಲ.

ಸಿಂಗಲ್ಸ್‌ನಲ್ಲೂ ಅವರು ಮಾಡಿದ್ದು ಸಣ್ಣದಲ್ಲ. 2005ರಲ್ಲಿ ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅಲ್ಲಿಯವರೆಗೆ ಭಾರತದ ಯಾವ ಮಹಿಳೆಯೂ ಅದನ್ನು ಗೆದ್ದಿರಲಿಲ್ಲ. ಅದೇ ವರ್ಷ ಅಮೆರಿಕ ಓಪನ್‌ನ ನಾಲ್ಕನೇ ಸುತ್ತು ತಲುಪಿ ಮರಿಯಾ ಶರಪೋವಾ ಎದುರು ಸೋತರು. ಹಿಂದಿನ ವರ್ಷದ ಅಮೆರಿಕ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ದುಬೈಯಲ್ಲಿ ಮಣಿಸಿದರು. 2006ರಲ್ಲಿ ಕೊರಿಯಾದ ಸೋಲ್‌ನಲ್ಲಿ ಸಾನಿಯಾ ಸೋಲಿಸಿದ್ದು ಇದೇ ಮಾರ್ಟಿನಾ ಹಿಂಗಿಸ್ ಅವರನ್ನು. 2007ರ ಆಗಸ್ಟ್‌ನಲ್ಲಿ ಅವರ ಸಿಂಗಲ್ಸ್ ರ‍್ಯಾಂಕಿಂಗ್ 27ಕ್ಕೆ ಏರಿತು. ಇದು ಸಿಂಗಲ್ಸ್ ‘ಆಗದವರ’ ದಾಖಲೆಯಂತೆ ಕಾಣುವುದಿಲ್ಲ.

ಹಾಗಾದರೆ ಬದಲಾದದ್ದೇನು? ಉತ್ತರ ದೇಹದಲ್ಲಿದೆ.

ಮಣಿಕಟ್ಟು, ಮೊಣಕಾಲು ಮತ್ತು ಒಂದು ಲೆಕ್ಕಾಚಾರ

ಸಾನಿಯಾ ಅವರ ದೊಡ್ಡ ಅಸ್ತ್ರ ಫೋರ್‌ಹ್ಯಾಂಡ್ ಹೊಡೆತ. ಚೆಂಡಿಗೆ ಅಂಥ ವೇಗ ಕೊಡುವಾಗ ಕಾಲು, ಸೊಂಟ, ಭುಜದಿಂದ ಬರುವ ಬಲವೆಲ್ಲ ಕೊನೆಗೆ ಮಣಿಕಟ್ಟಿನ ಮೂಲಕ ಹಾದುಹೋಗುತ್ತದೆ. ಒಂದು ಪಂದ್ಯದಲ್ಲಿ ನೂರಾರು ಸಲ, ಅಭ್ಯಾಸದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಲ ಹೀಗಾಗುತ್ತದೆ. ಇಂಥ ಗಾಯ ಒಂದೇ ಏಟಿಗೆ ಆಗುವುದಕ್ಕಿಂತ ದಿನೇ ದಿನೇ ಸವೆದು ಆಗುವುದೇ ಹೆಚ್ಚು. ಬಾವಿಯ ಹಗ್ಗ ಕಲ್ಲನ್ನು ಸವೆಸಿದ ಹಾಗೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸಿಂಗಲ್ಸ್ ಪಂದ್ಯದಲ್ಲೇ ಬಲ ಮಣಿಕಟ್ಟಿನ ನೋವಿನಿಂದ ಅವರು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. ಎರಡೂ ಮೊಣಕಾಲುಗಳಿಗೂ ಶಸ್ತ್ರಚಿಕಿತ್ಸೆಯಾಗಿದೆ. 2013ರಲ್ಲಿ ಸಿಂಗಲ್ಸ್‌ಗೆ ವಿದಾಯ ಹೇಳಿ ಪೂರ್ತಿಯಾಗಿ ಡಬಲ್ಸ್‌ನತ್ತ ತಿರುಗಿದರು.

ಡಬಲ್ಸ್ ಅಂಕಣ ಸಿಂಗಲ್ಸ್ ಅಂಕಣಕ್ಕಿಂತ ದೊಡ್ಡದು. ಸಿಂಗಲ್ಸ್‌ನ ಅಗಲ 8.23 ಮೀಟರ್ ಆದರೆ ಡಬಲ್ಸ್‌ನದು 10.97 ಮೀಟರ್, ಅಂದರೆ ಮೂರನೇ ಒಂದರಷ್ಟು ಹೆಚ್ಚು. ಉದ್ದ ಮಾತ್ರ ಎರಡಕ್ಕೂ ಒಂದೇ, 23.77 ಮೀಟರ್. ಆದರೆ ಡಬಲ್ಸ್‌ನಲ್ಲಿ ಆ ಅಗಲವನ್ನು ಇಬ್ಬರು ಹಂಚಿಕೊಳ್ಳುವುದರಿಂದ ಒಬ್ಬರ ಪಾಲಿಗೆ ಸುಮಾರು ಐದೂವರೆ ಮೀಟರ್ ಬರುತ್ತದೆ. ಓಟ ಕಡಿಮೆ, ಒಂದೊಂದು ಪಾಯಿಂಟ್ ಕೂಡ ಬೇಗ ಮುಗಿಯುತ್ತದೆ. ಮೊಣಕಾಲಿಗೆ ಬೀಳುವ ಹೊರೆ ಇಳಿಯುತ್ತದೆ.

ಇಲ್ಲಿ ತೆಗಳುವವರ ಮಾತಿನಲ್ಲಿರುವ ನಿಜವನ್ನೂ ಒಪ್ಪಿಕೊಳ್ಳೋಣ. ದೈಹಿಕ ಶ್ರಮದ ಲೆಕ್ಕದಲ್ಲಿ ಸಿಂಗಲ್ಸ್ ಹೆಚ್ಚು ಕಠಿಣ. ಟೂರಿನ ಡಬಲ್ಸ್‌ನಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಇರುತ್ತದೆ. ಡ್ಯೂಸ್ ಆದಾಗ ಒಂದೇ ಪಾಯಿಂಟಿನಲ್ಲಿ ಗೇಮ್ ತೀರ್ಮಾನವಾಗುತ್ತದೆ. ಸಿಂಗಲ್ಸ್‌ನ ದೊಡ್ಡ ತಾರೆಯರಲ್ಲಿ ಹಲವರು ಶಕ್ತಿ ಉಳಿಸಿಕೊಳ್ಳಲು ಡಬಲ್ಸ್ ಆಡುವುದೇ ಇಲ್ಲ. ಡಬಲ್ಸ್ ಆಟಗಾರರು ಹೆಚ್ಚು ವರ್ಷ ಆಡಬಲ್ಲರು ಎನ್ನುವುದಕ್ಕೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರೇ ಸಾಕ್ಷಿ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯಾ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ನಂಬರ್ 1 ಆದರು.

ಓಟ ಕಡಿಮೆ ಎಂದ ಮಾತ್ರಕ್ಕೆ ಆಟ ಸುಲಭವೇ?

ಇಲ್ಲ. ಕಾಲಿಗೆ ಕಡಿಮೆಯಾದ ಹೊರೆ ಕಣ್ಣಿಗೂ ತಲೆಗೂ ಬೀಳುತ್ತದೆ. ಒಂದು ಸರಳ ಲೆಕ್ಕ ಮಾಡೋಣ. ಗಾಳಿಯ ತಡೆಯನ್ನು ಬಿಟ್ಟುಬಿಡೋಣ, ಅಂದಾಜು ಸಾಕು.

ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಮೀಟರ್. ಸಿಂಗಲ್ಸ್‌ನಲ್ಲಿ ಇಬ್ಬರೂ ಹಿಂದಿನ ಗೆರೆಯ ಬಳಿ ನಿಂತಿದ್ದರೆ ಚೆಂಡು ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಡಬಲ್ಸ್‌ನಲ್ಲಿ ನೀವು ನೆಟ್ ಬಳಿ ನಿಂತಿದ್ದು ಎದುರಾಳಿ ಹಿಂದಿನ ಗೆರೆಯಿಂದ ಹೊಡೆದರೆ ಸಿಗುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಇಬ್ಬರೂ ನೆಟ್ ಬಳಿ ಇದ್ದರೆ ನಡುವಿನ ದೂರ ಐದಾರು ಮೀಟರ್ ಮಾತ್ರ. ಆಗ ಸಿಗುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ.

ಕಣ್ಣು ನೋಡಿದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಹಾಗಾಗಿ ನೆಟ್ ಬಳಿ ನಿಂತವರು ಚೆಂಡನ್ನು ನೋಡಿ ಆಮೇಲೆ ತೀರ್ಮಾನಿಸುತ್ತೇನೆ ಎಂದರೆ ತಡವಾಗಿಬಿಡುತ್ತದೆ. ಎದುರಾಳಿಯ ಭುಜ ಯಾವ ಕಡೆ ತಿರುಗಿತು, ರ‍್ಯಾಕೆಟ್ ಎಷ್ಟು ತೆರೆದುಕೊಂಡಿತು ಎನ್ನುವುದನ್ನು ನೋಡಿ, ಚೆಂಡು ಹೊರಡುವ ಮೊದಲೇ ಊಹಿಸಿ ಚಲಿಸಬೇಕು. ಸಾವಿರಾರು ಗಂಟೆಗಳ ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ ಇದು.

ಇದರ ಜೊತೆಗೆ ಹೊಂದಾಣಿಕೆಯ ಪ್ರಶ್ನೆ ಇದೆ. ಜೊತೆಗಾತಿ ಸರ್ವ್ ಮಾಡುವ ಮೊದಲು ನೆಟ್ ಬಳಿ ಇರುವವರು ಬೆನ್ನ ಹಿಂದೆ ಕೈಯಿಟ್ಟು ಬೆರಳಿನಲ್ಲಿ ಸನ್ನೆ ಮಾಡುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಸರ್ವ್ ಎಲ್ಲಿಗೆ ಬೀಳಬೇಕು, ತಾನು ಯಾವ ಕಡೆಗೆ ಹಾರುತ್ತೇನೆ ಎಂಬ ಒಪ್ಪಂದ ಅದು. ಒಬ್ಬರು ಒಪ್ಪಂದ ಮುರಿದರೆ ಅರ್ಧ ಅಂಕಣ ಖಾಲಿ.

ಸಿಂಗಲ್ಸ್ ಗೆಲ್ಲಬಲ್ಲವರು ಡಬಲ್ಸ್ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದೂ ನಿಜವಲ್ಲ. ಸೆರೆನಾ ವಿಲಿಯಮ್ಸ್ ಅಕ್ಕ ವೀನಸ್ ಜೊತೆ 14 ಗ್ರ್ಯಾಂಡ್‌ಸ್ಲಾಮ್ ಮಹಿಳಾ ಡಬಲ್ಸ್ ಗೆದ್ದಿದ್ದಾರೆ. ಮಾರ್ಟಿನಾ ನವ್ರಾಟಿಲೋವಾ ಗೆದ್ದದ್ದು 31. ಝೆಕ್ ದೇಶದ ಬಾರ್ಬೊರಾ ಕ್ರೆಜ್ಚಿಕೋವಾ ಡಬಲ್ಸ್‌ನಲ್ಲಿ ನಂಬರ್ 1 ಆದ ಮೇಲೆ 2021ರ ಫ್ರೆಂಚ್ ಓಪನ್ ಮತ್ತು 2024ರ ವಿಂಬಲ್ಡನ್ ಸಿಂಗಲ್ಸ್ ಗೆದ್ದರು.

ಅಂಕ ಪೂರ್ತಿ, ಹಣ ಅರ್ಧ

‘ಇಬ್ಬರು ಗೆದ್ದರೆ ಅರ್ಧ ಗೆಲುವು’ ಎಂಬ ಮಾತಿಗೆ ಬರೋಣ. ರ‍್ಯಾಂಕಿಂಗ್ ಅಂಕಗಳು ಜೋಡಿಗೆ ಹಂಚಿಹೋಗುವುದಿಲ್ಲ. ಗ್ರ್ಯಾಂಡ್‌ಸ್ಲಾಮ್ ಮಹಿಳಾ ಡಬಲ್ಸ್ ಗೆದ್ದರೆ ಇಬ್ಬರಿಗೂ ತಲಾ 2000 ಅಂಕ ಪೂರ್ತಿಯಾಗಿ ಸಿಗುತ್ತದೆ. ರ‍್ಯಾಂಕಿಂಗ್ ಇರುವುದು ಜೋಡಿಗಲ್ಲ, ಆಟಗಾರ್ತಿಗೆ. ಅದಕ್ಕೇ ಜೋಡಿ ಮುರಿದರೂ ಅವರವರ ಸ್ಥಾನ ಅವರವರ ಬಳಿಯೇ ಉಳಿಯುತ್ತದೆ.

ಅರ್ಧವಾಗುವುದು ಹಣ. 2015ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 18 ಲಕ್ಷದ 80 ಸಾವಿರ ಪೌಂಡ್ ಬಹುಮಾನವಿತ್ತು. ಮಹಿಳಾ ಡಬಲ್ಸ್ ಗೆದ್ದ ಜೋಡಿಗೆ ಒಟ್ಟು 3 ಲಕ್ಷದ 40 ಸಾವಿರ ಪೌಂಡ್. ಅದನ್ನು ಸಾನಿಯಾ ಮತ್ತು ಹಿಂಗಿಸ್ ಹಂಚಿಕೊಂಡರೆ ತಲಾ 1 ಲಕ್ಷದ 70 ಸಾವಿರ. ಒಂದೇ ಮೈದಾನ, ಒಂದೇ ಟೂರ್ನಿ, ಆದರೆ ಸಿಂಗಲ್ಸ್ ಚಾಂಪಿಯನ್‌ಗೆ ಸಿಕ್ಕಿದ ಹಣದ ಸುಮಾರು ಹನ್ನೊಂದನೇ ಒಂದು ಪಾಲು.

ಸಾಮಾನ್ಯರ ಕಣ್ಣಿಗೆ ಅದೂ ದೊಡ್ಡ ಮೊತ್ತವೇ. ಆದರೆ ಎಲ್ಲರೂ ವಿಂಬಲ್ಡನ್ ಗೆಲ್ಲುವುದಿಲ್ಲ. ಕೋಚ್, ಫಿಸಿಯೊ, ವಿಮಾನ, ಹೋಟೆಲ್ ಖರ್ಚನ್ನು ಆಟಗಾರ್ತಿಯೇ ಭರಿಸಬೇಕು. ಹೀಗಿರುವಾಗ ಡಬಲ್ಸ್ ಅನ್ನೇ ವೃತ್ತಿಯಾಗಿ ಆರಿಸಿಕೊಳ್ಳುವುದನ್ನು ‘ಸುಲಭದ ದಾರಿ’ ಎನ್ನುವುದು ಕಷ್ಟ. ಮೈಗೆ ಅದು ಹಗುರ ಇರಬಹುದು, ಜೇಬಿಗೆ ಖಂಡಿತ ಅಲ್ಲ.

ಇಂದಿನ ಎದುರಾಳಿ ನಾಳಿನ ಜೊತೆಗಾತಿ

ಡಬಲ್ಸ್ ಆಟಗಾರ್ತಿ ತನ್ನ ಹೊಡೆತಗಳ ಜೊತೆಗೆ ಜೊತೆಗಾತಿಯರನ್ನೂ ಆರಿಸಿಕೊಳ್ಳಬೇಕು, ಒಪ್ಪಿಸಬೇಕು, ಬೇಕಾದಾಗ ಬಿಡಲೂಬೇಕು. ಈ ಲೋಕ ಎಷ್ಟು ಚಿಕ್ಕದು ನೋಡಿ. 2011ರಲ್ಲಿ ಸಾನಿಯಾ ರಷ್ಯಾದ ಎಲೆನಾ ವೆಸ್ನಿನಾ ಜೊತೆಗೂಡಿ ಫ್ರೆಂಚ್ ಓಪನ್ ಫೈನಲ್ ತಲುಪಿದರು. ಅಲ್ಲಿ ಸೋತದ್ದು ಝೆಕ್ ಜೋಡಿ ಆಂಡ್ರಿಯಾ ಹ್ಲವಾಚ್ಕೋವಾ ಮತ್ತು ಲೂಸಿ ಹ್ರಾಡೆಟ್ಸ್ಕಾ ಎದುರು. 2015ರ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ವೆಸ್ನಿನಾ ನೆಟ್‌ನ ಆಚೆ ಬದಿಯಲ್ಲಿದ್ದರು. 2016ರ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಎದುರಾದದ್ದು ಅದೇ ಝೆಕ್ ಜೋಡಿ, ಈ ಸಲ ಗೆದ್ದವರು ಸಾನಿಯಾ ಮತ್ತು ಹಿಂಗಿಸ್. 2022ರಲ್ಲಿ ಅದೇ ಹ್ರಾಡೆಟ್ಸ್ಕಾ ಸಾನಿಯಾ ಅವರ ಜೊತೆಗಾತಿ!

ಹಿಂಗಿಸ್ ಜೊತೆಗಿನ ಆಟ ಶುರುವಾದದ್ದು 2015ರ ಮಾರ್ಚ್‌ನಲ್ಲಿ. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್ ಎಂದು ಸಾಲಾಗಿ ಮೂರು ಟೂರ್ನಿ ಗೆದ್ದರು. ಸಾನಿಯಾ ನಂಬರ್ 1 ಆದದ್ದು ಆಗಲೇ. ಇಬ್ಬರ ಆಟ ಒಂದಕ್ಕೊಂದು ಪೂರಕವಾಗಿತ್ತು. ಹಿಂದಿನ ಗೆರೆಯಿಂದ ಸಾನಿಯಾ ಅವರ ಫೋರ್‌ಹ್ಯಾಂಡ್ ಎದುರಾಳಿಯನ್ನು ಒತ್ತಡಕ್ಕೆ ಸಿಲುಕಿಸಿದರೆ, ನೆಟ್ ಬಳಿ ಹಿಂಗಿಸ್ ಚುರುಕು ಕೈ ಪಾಯಿಂಟ್ ಮುಗಿಸುತ್ತಿತ್ತು.

ವಿಂಬಲ್ಡನ್ ಫೈನಲ್‌ನಲ್ಲಿ ಇವರು ಎದುರಿಸಿದ್ದು ಮಕರೋವಾ ಮತ್ತು ವೆಸ್ನಿನಾ ಜೋಡಿಯನ್ನು. ಮೊದಲ ಸೆಟ್ 5-7ರಿಂದ ಕೈತಪ್ಪಿತು. ಎರಡನೆಯದನ್ನು ಟೈಬ್ರೇಕ್‌ನಲ್ಲಿ ಗೆದ್ದರು. ಗ್ರ್ಯಾಂಡ್‌ಸ್ಲಾಮ್ ಆದ್ದರಿಂದ ಮೂರನೆಯದೂ ಪೂರ್ಣ ಸೆಟ್. ಅದರಲ್ಲಿ 2-5ರಿಂದ ಹಿಂದಿದ್ದರು. ಅಲ್ಲಿಂದ 5-5ಕ್ಕೆ ತಂದಾಗ ಬೆಳಕು ಕಡಿಮೆಯಾಗಿ ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಿದರು. ಆಟ ಮತ್ತೆ ಶುರುವಾದ ಮೇಲೆ 7-5ರಿಂದ ಗೆದ್ದರು. ಭಾರತದ ಮಹಿಳೆಯೊಬ್ಬರು ಗ್ರ್ಯಾಂಡ್‌ಸ್ಲಾಮ್ ಮಹಿಳಾ ಡಬಲ್ಸ್ ಗೆದ್ದದ್ದು ಅದೇ ಮೊದಲು.

ಆ ವರ್ಷದ ಅಮೆರಿಕ ಓಪನ್‌ನಿಂದ 2016ರ ಫೆಬ್ರುವರಿವರೆಗೆ ಈ ಜೋಡಿ ಸತತ 41 ಪಂದ್ಯ ಗೆದ್ದಿತು. ದೋಹಾದಲ್ಲಿ ಆ ಓಟ ನಿಲ್ಲಿಸಿದ ಜೋಡಿಯಲ್ಲಿ ಒಬ್ಬರು ಮತ್ತೆ ವೆಸ್ನಿನಾ! 2016ರ ಆಗಸ್ಟ್‌ನಲ್ಲಿ ಸಾನಿಯಾ ಮತ್ತು ಹಿಂಗಿಸ್ ಬೇರೆಯಾದರು. ಆ ತಿಂಗಳೇ ಸಿನ್ಸಿನಾಟಿ ಫೈನಲ್‌ನಲ್ಲಿ ಸಾನಿಯಾ ಹೊಸ ಜೊತೆಗಾತಿ ಬಾರ್ಬೊರಾ ಸ್ಟ್ರಿಕೋವಾ ಜೊತೆ ಆಡಿ ಗೆದ್ದದ್ದು ಹಿಂಗಿಸ್ ಇದ್ದ ಜೋಡಿಯ ಎದುರೇ. ‘ಹಿಂಗಿಸ್ ಇದ್ದುದರಿಂದ ಸಾನಿಯಾ ಗೆದ್ದರು’ ಎನ್ನುವವರು ಈ ಪಂದ್ಯವನ್ನು ನೆನಪಿಡಬೇಕು.

ನಂಬರ್ 1 ಆಗಿದ್ದೂ ಒಲಿಂಪಿಕ್ ಪದಕ ಯಾಕಿಲ್ಲ?

ಇದು ಇನ್ನೊಂದು ಹಳೆಯ ಫಾರ್ವರ್ಡ್: ‘ವಿದೇಶಿಯರ ಜೊತೆ ಆಡಿದರೆ ಗೆಲ್ಲುತ್ತಾರೆ, ದೇಶಕ್ಕಾಗಿ ಆಡಿದರೆ ಸೋಲುತ್ತಾರೆ’. ಇದಕ್ಕೆ ಉತ್ತರ ನಿಯಮದಲ್ಲಿದೆ. ಟೂರಿನಲ್ಲಿ ಯಾವ ದೇಶದವರು ಯಾರ ಜೊತೆ ಬೇಕಾದರೂ ಆಡಬಹುದು. ಒಲಿಂಪಿಕ್ಸ್‌ನಲ್ಲಿ ಜೋಡಿಯ ಇಬ್ಬರೂ ಒಂದೇ ದೇಶದವರಾಗಿರಬೇಕು.

ಸಾನಿಯಾ ಅವರ ಕಾಲದಲ್ಲಿ ಡಬಲ್ಸ್‌ನಲ್ಲಿ ಅವರ ಹತ್ತಿರಕ್ಕೆ ಬರುವ ರ‍್ಯಾಂಕಿಂಗ್ ಇದ್ದ ಇನ್ನೊಬ್ಬ ಮಹಿಳೆ ಭಾರತದಲ್ಲಿ ಇರಲಿಲ್ಲ. 2016ರ ರಿಯೊದಲ್ಲಿ ಅವರು ನಂಬರ್ 1. ಪ್ರಾರ್ಥನಾ ತೊಂಬರೆ ಜೊತೆ ಆಡಿ ಮೊದಲ ಸುತ್ತಿನಲ್ಲೇ ಸೋತರು. ಟೋಕಿಯೊದಲ್ಲಿ ಅಂಕಿತಾ ರೈನಾ ಜೊತೆ ಆಡಿ ಉಕ್ರೇನಿನ ಕಿಚೆನೊಕ್ ಅವಳಿ ಸೋದರಿಯರ ಎದುರು ಮೊದಲ ಸುತ್ತಿನಲ್ಲಿ ಸೋತರು. ಆ ಅವಳಿಗಳಲ್ಲಿ ಒಬ್ಬರಾದ ನಾದಿಯಾ 2020ರಲ್ಲಿ ಸಾನಿಯಾ ಜೊತೆಗೇ ಒಂದು ಟೂರ್ನಿ ಗೆದ್ದವರು. ಪ್ರಾರ್ಥನಾ, ಅಂಕಿತಾ ಅವರ ತಪ್ಪು ಇಲ್ಲಿ ಏನೂ ಇಲ್ಲ. ಒಬ್ಬ ನಂಬರ್ 1 ಆಟಗಾರ್ತಿಯನ್ನು ಪಡೆದ ದೇಶಕ್ಕೆ ಎರಡನೆಯವರನ್ನು ಬೆಳೆಸಲು ಆಗಲಿಲ್ಲ ಎನ್ನುವುದನ್ನು ಈ ಸೋಲುಗಳು ತೋರಿಸುತ್ತವೆ.

ಮಿಶ್ರ ಡಬಲ್ಸ್‌ನಲ್ಲಿ ಅವಕಾಶ ಹೆಚ್ಚಿತ್ತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಮೊದಲು ಪುರುಷ ಆಟಗಾರರಲ್ಲಿ ಯಾರು ಯಾರ ಜೊತೆ ಆಡಬೇಕು ಎಂಬ ಜಗಳವಾಯಿತು. ಭೂಪತಿ ಮತ್ತು ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲು ಒಪ್ಪಲಿಲ್ಲ. ಕೊನೆಗೆ ಸಾನಿಯಾ ಅವರನ್ನು ಪೇಸ್ ಜೊತೆ ಮಿಶ್ರ ಡಬಲ್ಸ್‌ಗೆ ಹಾಕಲಾಯಿತು. ಕೆಲವೇ ದಿನಗಳ ಹಿಂದೆ ಭೂಪತಿ ಜೊತೆ ಫ್ರೆಂಚ್ ಓಪನ್ ಗೆದ್ದಿದ್ದ ಸಾನಿಯಾ, ಒಬ್ಬ ಹಿರಿಯ ಆಟಗಾರರನ್ನು ಸಮಾಧಾನ ಮಾಡಲು ತಮ್ಮನ್ನು ಬಳಸಿಕೊಳ್ಳಲಾಯಿತು ಎಂದು ಬಹಿರಂಗವಾಗಿ ಹೇಳಿದರು. ದೇಶಕ್ಕಾಗಿ ಆಡುವುದನ್ನು ಮಾತ್ರ ಬಿಡಲಿಲ್ಲ. 2016ರಲ್ಲಿ ಬೋಪಣ್ಣ ಜೊತೆ ಕಂಚಿನ ಪದಕದ ಪಂದ್ಯದವರೆಗೆ ಹೋಗಿ ಅಲ್ಲಿ ಸೋತರು. ಎದುರಿಗಿದ್ದ ಝೆಕ್ ಜೋಡಿಯಲ್ಲಿ ಒಬ್ಬರು ಅದೇ ಹ್ರಾಡೆಟ್ಸ್ಕಾ.

ಮದುವೆ, ಪೌರತ್ವ ಮತ್ತು ಒಂದು ಫೋಟೊ

2010ರಲ್ಲಿ ಪಾಕಿಸ್ತಾನದ ಕ್ರಿಕೆಟಿಗ ಶೋಯಬ್ ಮಲಿಕ್ ಅವರನ್ನು ಮದುವೆಯಾದ ಮೇಲೆ ‘ಇನ್ನು ಸಾನಿಯಾ ಭಾರತದವರಲ್ಲ’ ಎಂಬ ಮಾತು ಶುರುವಾಯಿತು. ಭಾರತದ 1955ರ ಪೌರತ್ವ ಕಾಯ್ದೆಯ ಪ್ರಕಾರ ವಿದೇಶಿಯರನ್ನು ಮದುವೆಯಾದ ಮಾತ್ರಕ್ಕೆ ಪೌರತ್ವ ಹೋಗುವುದಿಲ್ಲ. ತಾವಾಗಿಯೇ ಬೇರೆ ದೇಶದ ಪೌರತ್ವ ಪಡೆದರೆ ಹೋಗುತ್ತದೆ. ಸಾನಿಯಾ ಕೊನೆಯವರೆಗೂ ಭಾರತದ ಪರವಾಗಿಯೇ ಆಡಿದರು. ಮದುವೆಯಾದ ವರ್ಷವೇ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಮತ್ತು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ದೇಶಕ್ಕೆ ಪದಕ ತಂದರು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸಾಕೇತ್ ಮೈನೇನಿ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು.

ಇಂಥ ಮಾತುಗಳ ಬೆಲೆಯನ್ನು ನಮ್ಮ ಬೆಂಗಳೂರೂ ತೆತ್ತಿದೆ. 2008ರ ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತೆಗೆದ ಒಂದು ಫೋಟೊದಲ್ಲಿ ಸಾನಿಯಾ ಕಾಲು ಚಾಚಿ ಕೂತಿದ್ದರು, ಅವರ ಪಾದದ ಬಳಿ ತ್ರಿವರ್ಣ ಧ್ವಜ ಇರುವಂತೆ ಕಾಣುತ್ತಿತ್ತು. ಫೋಟೊ ಎನ್ನುವುದು ಆಳವನ್ನು ಅಳಿಸಿ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ತರುತ್ತದೆ. ಹಿಂದೆ ಮುಂದೆ ಇರುವ ಎರಡು ವಸ್ತುಗಳು ಅಕ್ಕಪಕ್ಕ ಇರುವಂತೆ ತೋರುತ್ತವೆ. ಹಾಗಾಗಿ ಒಂದೇ ಕೋನದ ಫೋಟೊ ನೋಡಿ ದೂರವನ್ನೂ ಹೇಳಲಾಗದು, ಉದ್ದೇಶವನ್ನೂ ಹೇಳಲಾಗದು. ಆದರೆ ದೂರು ದಾಖಲಾಯಿತು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದವಾಗುತ್ತದೆ ಎಂದು ಬೇಸತ್ತು ಸಾನಿಯಾ ಆ ವರ್ಷದ ಬೆಂಗಳೂರು ಓಪನ್‌ನಿಂದ ಹಿಂದೆ ಸರಿದರು. ಆಗಿನ್ನೂ ವಾಟ್ಸ್ಆ್ಯಪ್ ಹುಟ್ಟಿರಲಿಲ್ಲ ಎನ್ನುವುದನ್ನು ಗಮನಿಸಿ.

ಅಳತೆಗೋಲು ಯಾರದು?

2015ರಲ್ಲಿ ಸಾನಿಯಾ ಅವರಿಗೆ ಖೇಲ್ ರತ್ನ ಘೋಷಣೆಯಾದಾಗ ಕರ್ನಾಟಕ ಹೈಕೋರ್ಟ್‌ಗೆ ಒಂದು ಅರ್ಜಿ ಬಂತು. ಸಲ್ಲಿಸಿದವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪ್ ಬೆಳ್ಳಿ ಗೆದ್ದ ಕನ್ನಡಿಗ ಎಚ್.ಎನ್. ಗಿರೀಶ. ಸರ್ಕಾರದ ಅಂಕ ಪದ್ಧತಿಯ ಪ್ರಕಾರ ತಾವೇ ಮುಂದಿದ್ದೇವೆ ಎಂಬುದು ಅವರ ವಾದ. ನ್ಯಾಯಾಲಯ ನೋಟಿಸ್ ನೀಡಿತು. ಆಗಸ್ಟ್ 29ರಂದು ಸಾನಿಯಾ ಪ್ರಶಸ್ತಿ ಸ್ವೀಕರಿಸಿದರು.

ಆಗಲೂ ಇಬ್ಬರನ್ನು ಎದುರುಬದುರು ನಿಲ್ಲಿಸಿ ‘ಯಾರು ದೊಡ್ಡವರು’ ಎಂದು ಕೇಳುವುದು ಸುಲಭವಾಗಿತ್ತು. ನಮಗೆ ಕಾಣುವುದು ಬೇರೆ. ಗಿರೀಶ ಅವರ ಬೆಳ್ಳಿಯನ್ನು ‘ಪ್ಯಾರಾ ತಾನೆ’ ಎಂದು, ಸಾನಿಯಾ ಅವರ ಟ್ರೋಫಿಯನ್ನು ‘ಡಬಲ್ಸ್ ತಾನೆ’ ಎಂದು ಬದಿಗಿಡುವ ಮನಸ್ಸು ಒಂದೇ. ಬೇರೆ ಆಟಕ್ಕೆ ಮಾಡಿದ ಅಳತೆಗೋಲಿನಿಂದ ಇಬ್ಬರನ್ನೂ ಅಳೆದು ಕುಳ್ಳರೆಂದು ತೀರ್ಮಾನಿಸುವ ಮನಸ್ಸು ಅದು.

ತಾಯಿಯಾದ ಮೇಲೂ

2018ರ ಅಕ್ಟೋಬರ್‌ನಲ್ಲಿ ಸಾನಿಯಾ ಅವರಿಗೆ ಮಗ ಹುಟ್ಟಿದ. 2020ರ ಜನವರಿಯಲ್ಲಿ ಅಂಕಣಕ್ಕೆ ಮರಳಿ, ಹೊಬಾರ್ಟ್‌ನಲ್ಲಿ ಆಡಿದ ಮೊದಲ ಟೂರ್ನಿಯನ್ನೇ ಗೆದ್ದರು. ನಾದಿಯಾ ಕಿಚೆನೊಕ್ ಜೊತೆ ಗೆದ್ದದ್ದು ಇದನ್ನೇ. ಹೆರಿಗೆಗಾಗಿ ಆಟ ಬಿಟ್ಟವರು ತಮ್ಮ ಹಳೆಯ ರ‍್ಯಾಂಕಿಂಗ್ ಆಧಾರದಲ್ಲಿ ಮರಳಲು ಮಗು ಹುಟ್ಟಿದ ದಿನದಿಂದ ಮೂರು ವರ್ಷ ಅವಕಾಶ ಕೊಡುವ ನಿಯಮವನ್ನು ಡಬ್ಲ್ಯುಟಿಎ 2019ರ ಋತುವಿನಿಂದ ಜಾರಿಗೆ ತಂದಿತ್ತು. ಹಾಗೆಂದು ದಾರಿ ನುಣುಪಾಗಿರಲಿಲ್ಲ. ಹೊಬಾರ್ಟ್ ನಂತರದ ಆಸ್ಟ್ರೇಲಿಯಾ ಓಪನ್‌ನಲ್ಲೇ ಮೀನಖಂಡದ ಗಾಯದಿಂದ ಪಂದ್ಯ ಬಿಡಬೇಕಾಯಿತು. 2022ರಲ್ಲಿ ಮೊಣಕೈ ಗಾಯದಿಂದ ಅಮೆರಿಕ ಓಪನ್ ತಪ್ಪಿತು.

2023ರ ಜನವರಿಯಲ್ಲಿ ಕೊನೆಯ ಗ್ರ್ಯಾಂಡ್‌ಸ್ಲಾಮ್ ಆಡಿದಾಗ ಮಿಶ್ರ ಡಬಲ್ಸ್‌ನಲ್ಲಿ ಅವರ ಜೊತೆಗಿದ್ದವರು ಬೋಪಣ್ಣ. 36ರ ಸಾನಿಯಾ, 42ರ ಬೋಪಣ್ಣ ಫೈನಲ್‌ವರೆಗೆ ಹೋಗಿ ಸೋತರು. ಮುಂದಿನ ತಿಂಗಳು ದುಬೈಯಲ್ಲಿ ಸಾನಿಯಾ ಕೊನೆಯ ಪಂದ್ಯ ಆಡಿದರು. ಅಷ್ಟರಲ್ಲಿ ಅವರ ಹೆಸರಿನಲ್ಲಿ 43 ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳಿದ್ದವು.

ಹಾಗಾದರೆ ನಾವೇನು ತಿಳಿಯಬೇಕು?

ಡಬಲ್ಸ್ ಮತ್ತು ಸಿಂಗಲ್ಸ್ ಒಂದೇ ಅಲ್ಲ. ಡಬಲ್ಸ್‌ನಲ್ಲಿ ಓಟ ಕಡಿಮೆ, ಹಣ ಕಡಿಮೆ, ಪ್ರಚಾರವೂ ಕಡಿಮೆ. ಆದರೆ ಅದು ಅರ್ಧ ಆಟವಲ್ಲ, ಬೇರೆ ಆಟ. ಅದಕ್ಕೆ ಬೇಕಾದ ಕಣ್ಣು, ಕೈ, ಹೊಂದಾಣಿಕೆಯೇ ಬೇರೆ. ಮಣಿಕಟ್ಟು, ಮೊಣಕಾಲು ಕೈಕೊಟ್ಟಾಗ ಆಟ ಬಿಟ್ಟು ಮನೆಗೆ ಹೋಗುವ ಬದಲು, ತನಗೆ ಚೆನ್ನಾಗಿ ಬರುವ ಆಟವನ್ನು ಆರಿಸಿಕೊಂಡು ಅದರ ತುದಿ ಮುಟ್ಟಿದ ಹೆಣ್ಣುಮಗಳ ಕಥೆ ಇದು.

ಮುಂದಿನ ಸಲ ಕ್ರೀಡಾ ಸಾಧನೆಯ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ವಿಭಾಗದಲ್ಲಿ ಗೆದ್ದದ್ದು? ‘ಮೊದಲಿಗರು’ ಎಂದಿದ್ದರೆ ಯಾರಲ್ಲಿ ಮೊದಲಿಗರು? ಫೋಟೊ ಇದ್ದರೆ ಅದನ್ನು ಎಲ್ಲಿ, ಯಾವಾಗ ತೆಗೆದದ್ದು? ಉತ್ತರ ಸಿಗದಿದ್ದರೆ ಕಳಿಸಬೇಡಿ, ಸಿಕ್ಕಿದರೆ ಉತ್ತರವನ್ನೂ ಸೇರಿಸಿ ಕಳಿಸಿ. ಇನ್ನು ನಿಮ್ಮ ಮನೆಯ ಹುಡುಗಿ ‘ನಾನು ಡಬಲ್ಸ್ ಆಡುತ್ತೇನೆ’ ಎಂದರೆ ‘ಯಾಕೆ?’ ಎಂದು ಕೇಳುವ ಬದಲು ‘ಜೊತೆಗೆ ಯಾರು?’ ಎಂದು ಕೇಳಿ. ಅವಳಿಗೆ ಉತ್ತರ ಬೇಕಾಗಿರುವುದು ಆ ಪ್ರಶ್ನೆಗೇ.